ತೊಕ್ಕೊಟ್ಟಿನ ಹಂಚಿನ ರಾಶಿಯೂ ಮಾರಾಟದ ಕರಪತ್ರವೂ

ಈ ಸಾರಿಯ ಪಾಠವು ಒಂದು ಕರಪತ್ರದ ಕುರಿತಾದದ್ದು. ಕಳೆದ ಮೇ ತಿಂಗಳಲ್ಲಿ ಅದು ವರ್ತಮಾನ ಪತ್ರಿಕೆಯ ಮಡಿಕೆಯೊಳಗೆ ಸೇರಿಕೊಂಡು ನಮ್ಮ ಹಳ್ಳಿಗೆ ಬಂತು. ತೊಕ್ಕೊಟ್ಟಿನ ಸಮೀಪದಲ್ಲಿ ಯಜಮಾನರು ತೀರಿಹೋದ ಒಂದು ಹಳೇ ಬಂಗಲೆಯು ಕೆಡವಲ್ಪಡುವದೆಂದೂ, ಆ ಮನೆತನದ ಬೀಟಿಮರದ ಸಾಮಾನುಗಳು, ಬಾಗಿಲು ಕಿಟಕಿಗಳು, "ಬಾಸೆಲ್ ಮಿಶನ್ ಕಾಲದ ನೂರೈವತ್ತು ವರುಷದ ಹಂಚುಗಳು" ಮುಂತಾದವು ಶನಿವಾರ ಬೆಳಿಗ್ಗೆ ಹತ್ತು ಘಂಟೆಗೆ ಮಾರಲ್ಪಡುವವೆಂದೂ, ಹಂಚಿನ ಕ್ರಯವು 15 ರೂಪಾಯಿ ಮೊದಲುಗೊಂಡು ಇರುವದೆಂದೂ ಅದರಲ್ಲಿ ಅಚ್ಚಾಗಿತ್ತು. ಮೂಲೆಯಲ್ಲಿ ಒಂದು ಬಂಗಲೆಯ ಚಿತ್ರವೂ ಇತ್ತು. ಅದು ಯಾವ ಊರಿನ ಬಂಗಲೆಯೆಂದು ಕೇಳಬೇಕೆಂಬ ಬುದ್ಧಿಯು ಆಗ ನಮಗೆ ಹುಟ್ಟಲಿಲ್ಲ.

ನಮ್ಮ ನೆರೆಯಲ್ಲಿ ವಿಧವೆಯಾದ ಒಬ್ಬ ವೃದ್ಧೆಯು ಇದ್ದಾರೆ. ಅವರ ಅಡಿಗೆಮನೆಯ ಮಾಡಿನ ಮೇಲೆ ತೆಂಗಿನ ಮಡಲು ಬಿದ್ದು ಸುಮಾರು ಇನ್ನೂರು ಹಂಚುಗಳು ಒಡೆದುಹೋಗಿದ್ದವು. ಮಳೆಗಾಲಕ್ಕೆ ಮೂರು ವಾರ ಮಾತ್ರ ಉಳಿದಿತ್ತು. ಬೀಡಿ ಕಟ್ಟಿ ಕೂಡಿಟ್ಟ 4,000 ರೂಪಾಯಿಯನ್ನು ಅವರು ಸೆರಗಿನ ಗಂಟಿನಿಂದ ಬಿಚ್ಚಿ, "ಅಯ್ಯನವರೇ, ನೀವು ನೋಡಿ ತಂದರೆ ನನಗೆ ಚಿಂತೆಯಿಲ್ಲ" ಎಂದು ನಮ್ಮ ಕೈಯಲ್ಲಿ ಇಟ್ಟರು. ಓದು ಬಲ್ಲವನು ಹೋದರೆ ಮೋಸವಾಗದೆಂಬ ನಂಬಿಕೆಯು ಅವರಲ್ಲಿ ಇತ್ತು. ಅದು ನಮ್ಮಲ್ಲಿಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಮುಡಿಪಿನಿಂದ ಕೊಣಾಜೆ, ದೇರಳಕಟ್ಟೆಗಳ ಮಾರ್ಗವಾಗಿ ಬಸ್ಸಿನಲ್ಲಿ ತೊಕ್ಕೊಟ್ಟಿಗೆ ಇಳಿದು, ಹೆದ್ದಾರಿಯ ಮೇಲ್ಸೇತುವೆಯ ಕೆಳಗಿನಿಂದ ದಾಟಿ, ವಿಚಾರಿಸುತ್ತಾ ಹೋದೆವು. ಒಂಬತ್ತೂವರೆಗೇ ಮುಟ್ಟಿದೆವು. ಅಲ್ಲಿ ಕಂಡದ್ದೇನಂದರೆ: ಬಂಗಲೆ ಇರಲಿಲ್ಲ. ಒಂದು ಬಯಲು ಹಿತ್ತಲಿನಲ್ಲಿ ತಗಡಿನ ಚಪ್ಪರವನ್ನು ಹಾಕಿ, ಗುಜರಿ ಅಂಗಡಿಯಲ್ಲಿ ಇರುವಂತೆ ನಾಲ್ಕಾರು ಮನೆಗಳ ಸಾಮಾನುಗಳನ್ನು ಕೂಡಿಹಾಕಿದ್ದರು. ಬೀಟಿಮರದ ಕಪಾಟೆಂದು ತೋರಿಸಿದ್ದರ ಬಾಗಿಲನ್ನು ತೆರೆದು ನೋಡಲಾಗಿ, ಹೊರಗೆ ಕಪ್ಪು ಪಾಲಿಶು, ಒಳಗೆ ಪ್ಲೈವುಡ್ಡು. ಹಂಚುಗಳ ರಾಶಿಯು ಹಿಂದುಗಡೆಯಲ್ಲಿತ್ತು. ಮೇಲಿನ ಸಾಲಿನವುಗಳು ಚೆನ್ನಾಗಿದ್ದವು. ಕೈಹಾಕಿ ಕೆಳಗಿನವುಗಳನ್ನು ತೆಗೆದರೆ ಮೂಲೆ ಮುರಿದವು, ಬಿರುಕು ಬಿಟ್ಟವು, ನಾಲ್ಕು ಕಾರ್ಖಾನೆಗಳ ಮುದ್ರೆಯುಳ್ಳವು. ಮಾರುವವನು ಕೋಪಿಸದೆ, "ಮಾಸ್ಟ್ರೇ, ಒಳ್ಳೆಯ ಹಂಚು ನಿನ್ನೆಯೇ ಲಾರಿ ಹತ್ತಿತು. ಇದ್ದದ್ದು ಇದೇ" ಎಂದನು. ಹಾಗಾದರೆ ಇಂದಿನ ಮಾರಾಟವೆಂದು ಯಾಕೆ ಅಚ್ಚುಹಾಕಿಸಿದಿರಿ ಎಂದು ಕೇಳಿದ್ದಕ್ಕೆ, ಇಂದೂ ಮಾರುತ್ತಲೇ ಇದ್ದೇವಲ್ಲಾ ಎಂಬ ಉತ್ತರ ಬಂತು.

ಇಲ್ಲಿ ಹಂಚಿನ ವಿಷಯವಾಗಿ ಎರಡು ಮಾತು ಹೇಳುವದು ಅವಶ್ಯ. ನೇತ್ರಾವತಿಯ ಆಚೇ ದಡದ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರ ಪ್ರಯತ್ನದಿಂದ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯು 1865ರಲ್ಲಿ ಆರಂಭವಾಯಿತು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ, ತರುವಾಯ ಬೇರೆ ಅನೇಕ ಕಾರ್ಖಾನೆಗಳೂ ಹುಟ್ಟಿದವು. ಮೊದಲನೆಯ ಮಹಾಯುದ್ಧದ ಬಳಿಕ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದಕಾರಣ "ಮಿಶನ್ ಕಾಲದ ಹಂಚು" ಎಂದರೆ ಮಿಶನ್ನಿನವರೇ ಮಾಡಿದ ಹಂಚು ಎಂದಾಗುವದಿಲ್ಲ. ಆ ಕಾಲದಲ್ಲಿ ಯಾರು ಮಾಡಿದ್ದರೂ ಆ ಮಾತು ಸಲ್ಲುವದು. ಕೆಲವು ಹಂಚುಗಳ ಮೇಲೆ ಒತ್ತಿರುವ ವರುಷವು ಕಾರ್ಖಾನೆಯು ಹುಟ್ಟಿದ ವರುಷವೇ ಹೊರತು ಆ ಹಂಚು ಸುಡಲ್ಪಟ್ಟ ವರುಷವಲ್ಲ. ಇದಲ್ಲದೆ ಒಂದು ಹಂಚಿನ ಅಂಚಿನ ಏಣು ಪಕ್ಕದ ಹಂಚಿನ ಕಾಲುವೆಯೊಳಗೆ ಕೂರಬೇಕಷ್ಟೆ. ಅಚ್ಚು ಬೇರೆಯಾದರೆ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಮಳೆಯ ನೀರಿಗೆ ಅಷ್ಟೇ ದಾರಿ ಸಾಕು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಘಂಟೆಯಂತೆ ನುಡಿಯುವ ಹಂಚು ಗಟ್ಟಿ, ಬೊದ್ದು ಶಬ್ದ ಕೊಡುವದರಲ್ಲಿ ಕಣ್ಣಿಗೆ ಕಾಣದ ಬಿರುಕು ಉಂಟು.

ಮನೆಗೆ ಬಂದ ಮೇಲೆ ಕರಪತ್ರವನ್ನು ತಿರಿಗಿ ಓದಿದೆವು. ವಿಸ್ಮಯವೇನಂದರೆ, ಕಪಾಟಿನ ಮಾತೊಂದನ್ನು ಬಿಟ್ಟರೆ ಅದರಲ್ಲಿ ಬೆರಳಿಟ್ಟು ಇದು ಸುಳ್ಳು ಎಂದು ಹೇಳತಕ್ಕ ವಾಕ್ಯವು ಸಿಕ್ಕುವದೇ ಕಷ್ಟ. "ಮುಂತಾದವು" ಎಂಬ ಪದದೊಳಗೆ ಬೇರೆ ಮನೆಗಳ ಸಾಮಾನೆಲ್ಲಾ ಅಡಗಿತ್ತು. "ಮೊದಲುಗೊಂಡು" ಎಂಬ ಪದದೊಳಗೆ ಒಳ್ಳೆಯ ಹಂಚಿನ 28 ರೂಪಾಯಿಯು ಅಡಗಿತ್ತು. ಎಷ್ಟು ಹಂಚುಗಳು ಇವೆ ಎಂದು ಬರೆದಿರಲಿಲ್ಲ; ಸಾವಿರಾರು ಇರಬೇಕೆಂದು ನಾವೇ ಎಣಿಸಿಕೊಂಡೆವು. ಹೀಗೆ ಅರ್ಧ ಕರಪತ್ರವನ್ನು ಮಾರುವವನು ಬರೆದನು, ಮಿಕ್ಕ ಅರ್ಧವನ್ನು ನಮ್ಮ ಆಶೆಯೇ ಬರೆಯಿತು.

ಹೋಗಿ ಬಂದ ವೆಚ್ಚವನ್ನಾದರೂ ಕೇಳಬಹುದೋ ಎಂದು ಕೆಲವರು ವಿಚಾರಿಸಿದರು. ಇಂಥದ್ದೇ ಒಂದು ವ್ಯಾಜ್ಯವು ಇಂಗ್ಲೆಂಡಿನಲ್ಲಿ 1873ರಲ್ಲಿ ತೀರ್ಮಾನವಾಯಿತು. ಹ್ಯಾರಿಸ್ ಮತ್ತು ನಿಕರ್ಸನ್ ಎಂಬವರ ವ್ಯಾಜ್ಯವೆಂದು ಅದು ಪ್ರಸಿದ್ಧ. ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಕಚೇರಿಯ ಮೇಜು ಕುರ್ಚಿಗಳು ಏಲಂ ಆಗುವವೆಂಬ ಪ್ರಕಟನೆಯನ್ನು ಓದಿ ಲಂಡನ್ನಿನಿಂದ ಒಬ್ಬನು ಅಲ್ಲಿಗೆ ಹೋದನು. ಆ ಸಾಮಾನುಗಳು ಏಲಂನಿಂದ ತೆಗೆಯಲ್ಪಟ್ಟಿದ್ದವು. ಆತನು ಪ್ರಯಾಣದ ವೆಚ್ಚಕ್ಕಾಗಿ ದಾವಾ ಹೂಡಲು, ಪ್ರಕಟನೆಯು ಉದ್ದೇಶವನ್ನು ತಿಳಿಸುವದೇ ಹೊರತು ಓದಿದವರೆಲ್ಲರೊಂದಿಗೆ ಕರಾರು ಆಗುವದಿಲ್ಲವೆಂದು ನ್ಯಾಯಾಧಿಪತಿಗಳು ತೀರ್ಪಿತ್ತರು. ಬಂದವನು ಬರಿಗೈಯಲ್ಲಿ ಹೋಗಬೇಕಾಯಿತು.

ನಮ್ಮ ದೇಶದ ಈಗಿನ ಕಾನೂನು ಕೊಳ್ಳುವವನಿಗೆ ಇದಕ್ಕಿಂತ ಹೆಚ್ಚು ದಯೆಯುಳ್ಳದ್ದು. 1930ರ ಸರಕು ಮಾರಾಟದ ಕಾಯಿದೆಯ 15ನೆಯ ಕಲಮಿನ ಪ್ರಕಾರ, ವರ್ಣನೆಯನ್ನು ಹೇಳಿ ಮಾರಿದ ವಸ್ತುವು ಆ ವರ್ಣನೆಗೆ ಸರಿಬೀಳಲೇಬೇಕು. ಬೀಟಿಯೆಂದು ಹೇಳಿ ಪ್ಲೈವುಡ್ಡನ್ನು ಕೊಟ್ಟರೆ ಕೊಂಡವನು ಅದನ್ನು ನಿರಾಕರಿಸಬಹುದು. 2020ರ ಜುಲಾಯಿಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಮುಖ್ಯ ಸಂಗತಿಯನ್ನು ಬೇಕೆಂದು ಮುಚ್ಚಿಡುವ ಜಾಹೀರಾತನ್ನು ಕೂಡ ದಾರಿತಪ್ಪಿಸುವ ಜಾಹೀರಾತೆಂದು ಎಣಿಸುತ್ತದೆ. ಕೊಡುವ ಸಾಧ್ಯತೆಯಿಲ್ಲದ ಕ್ರಯವನ್ನು ಗಾಳದ ಹುಳುವಿನಂತೆ ತೋರಿಸಬಾರದು, ಸರಕು ಮಿತವಾಗಿದ್ದರೆ ಹಾಗೆಂದು ತಿಳಿಸಬೇಕು ಎಂದು 2022ರ ನಿಯಮಗಳು ವಿಧಿಸುತ್ತವೆ. ಬಿಲ್ಲು ಕೊಡದಿರುವದೂ ಅನುಚಿತ ವ್ಯಾಪಾರವೇ. 1915 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಹೇಳಬಹುದು. ಜಿಲ್ಲಾ ಆಯೋಗಕ್ಕೆ ಎರಡು ವರುಷದೊಳಗೆ ಬರೆದುಕೊಳ್ಳಬಹುದು. ಕೊಟ್ಟ ಕ್ರಯವು ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಆದರೆ ಇದು ವ್ಯಾಪಾರಿಗಳನ್ನು ಕುರಿತ ಕಾನೂನು. ತಂದೆಯ ಮನೆಯ ಸಾಮಾನನ್ನು ಒಂದೇ ಸಾರಿ ಮಾರುವ ಮಗನನ್ನು ಇದರೊಳಗೆ ತರುವದು ಸುಲಭವಲ್ಲ. ಹಿತ್ತಲಿನಲ್ಲಿ ನಿಂತು ಕಣ್ಣಾರೆ ನೋಡಿ, ಇರುವದು ಹೀಗೆಯೇ ಎಂದು ತಿಳಿದು ಕೊಂಡವನಿಗೆ ಯಾವ ಕಾನೂನಿನ ಬಲವೂ ಬಹಳ ಕಡಿಮೆ.

ನಾವು ಮಾಡಿದ್ದು ಅದನ್ನೇ. ಬರಿಗೈಯಲ್ಲಿ ಹಿಂದಿರುಗಲು ನಾಚಿದೆವು. ಅಷ್ಟು ದೂರ ಬಂದಾಯಿತು, ಏನಾದರೂ ಒಯ್ಯೋಣವೆಂದು ರಾಶಿಯಿಂದ 80 ಹಂಚುಗಳನ್ನು ಆರಿಸಿ 1,200 ರೂಪಾಯಿ ಕೊಟ್ಟು, ಗೂಡ್ಸ್ ರಿಕ್ಷಾಕ್ಕೆ 800 ರೂಪಾಯಿ ತೆತ್ತೆವು. ಬಿಲ್ಲನ್ನು ಕೇಳಲಿಲ್ಲ. ಮರುದಿನ ಮಾಡಿನ ಕೆಲಸದವನು ಹತ್ತಿ ಒಂದೊಂದಾಗಿ ಇಟ್ಟು ನೋಡಿದಾಗ, ರೀಪಿನ ಮೇಲೆ ಸರಿಯಾಗಿ ಕೂತವು 31 ಮಾತ್ರ. ಆ ವೃದ್ಧೆಯು ಒಂದು ಮಾತನ್ನೂ ಆಡಲಿಲ್ಲ. ಉಳಿದವುಗಳನ್ನು ಕೋಳಿಗೂಡಿನ ಮೇಲೆ ಜೋಡಿಸಿ, ನಮಗೆ ಚಹಾ ಮಾಡಿಕೊಟ್ಟರು. ಬೈದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

ಗೂಡ್ಸ್ ರಿಕ್ಷಾದ ಬಾಡಿಗೆಯನ್ನು ನಮ್ಮ ಕೈಯಿಂದ ಅವರ ಗಂಟಿಗೆ ತಿರಿಗಿ ಸೇರಿಸಿದೆವು. ಮುಂದಿನ ವಾರ ಕೊಣಾಜೆಯ ಕಡೆ ಒಂದು ಶಾಲೆಯ ಹಳೇ ಮಾಡು ಇಳಿಯುತ್ತದೆಂಬ ಸುದ್ದಿ ಬಂತು. ಈ ಸಾರಿ ಮೊದಲು ಫೋನು ಮಾಡಿ, ಮುದ್ರೆ ಯಾವದು, ಎಷ್ಟು ಉಂಟು, ನಾವು ಬರುವ ತನಕ ಇಡುವಿರಾ ಎಂದು ಕೇಳಿ, ಉತ್ತರವನ್ನು ಬರೆದುಕೊಂಡೆವು. ತರುವಾಯ ಅವರ ಮಾಡಿನಿಂದಲೇ ಒಂದು ಹಂಚನ್ನು ಕಳಚಿ, ಚೀಲದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದೆವು.