ಸಾಂಬಾರು ಮೈಮೇಲೆ ಬಿದ್ದರೆ ಹೊಣೆ ಯಾರದು?

ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆ. ಸಾಂಬಾರಿನ ಪಾತ್ರೆ ಇಳಿಸುವಾಗ ಮಸಿಬಟ್ಟೆ ಜಾರಿ, ಅಡುಗೆಯಮ್ಮನ ಮೊಣಕಾಲಿನಿಂದ ಪಾದದವರೆಗೂ ಬೊಬ್ಬೆ ಏಳುತ್ತದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗಲೇ ಯಾರಾದರೊಬ್ಬರು ಬುದ್ಧಿ ಹೇಳುತ್ತಾರೆ: "ಮನೇಲಿ ಸುಟ್ಕೊಂಡೆ ಅನ್ನಮ್ಮ, ಇಲ್ದಿದ್ರೆ ಪೊಲೀಸ್ ಕೇಸು, ಮೇಷ್ಟ್ರಿಗೆ ತೊಂದರೆ." ಡಾಕ್ಟರು ಕೇಳಿದ್ದನ್ನು ಬರೆದುಕೊಳ್ಳುತ್ತಾರೆ. ಪರಿಹಾರದ ಅರ್ಜಿ ಮುಂದೆ ಮುಗ್ಗರಿಸುವುದು ಆ ಒಂದು ಸಾಲಿನಲ್ಲೇ.

ಆದ್ದರಿಂದ ಆಸ್ಪತ್ರೆಯಲ್ಲಿ ನಡೆದದ್ದನ್ನೇ ಹೇಳಿ: ಯಾವ ಶಾಲೆ, ಎಷ್ಟು ಗಂಟೆ, ಏನು ಮಾಡುತ್ತಿದ್ದಾಗ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್ ದಾಖಲೆ) ಮಾಡಿಸಿದರೆ ಮೇಷ್ಟ್ರು ಜೈಲಿಗೆ ಹೋಗುವುದಿಲ್ಲ. ಅದು ಗಾಯದ ದಾಖಲೆ, ಅಷ್ಟೇ. ಅದೇ ವಾರ ಮುಖ್ಯ ಶಿಕ್ಷಕರಿಗೆ ಒಂದು ಪತ್ರ, ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಅದರ ಪ್ರತಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಬರೆಯಲು ಬಾರದವರು ಬೇರೆಯವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದರೂ ಆದೀತು. ಔಷಧಿ ಅಂಗಡಿಯ ಬಿಲ್ಲು, ಹಾಜರಿ ಪುಸ್ತಕದ ಆ ದಿನದ ಪುಟದ ಫೋಟೋ, ಜೊತೆಗಿದ್ದ ಸಹಾಯಕ ಅಡುಗೆಯವರ ಹೆಸರು ಎಲ್ಲವೂ ಬೇಕಾಗುತ್ತವೆ.

ಕೆಲಸದ ವೇಳೆ, ಕೆಲಸದ ಕಾರಣದಿಂದ ಆದ ಗಾಯಕ್ಕೆ ಮಾಲೀಕನೇ ಹೊಣೆ ಎಂಬ ನಿಯಮ 1923ರ ನೌಕರರ ಪರಿಹಾರ ಕಾಯ್ದೆಯ ಕಾಲದಿಂದ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಂಥ ಗಾಯವಾಗಿರಬೇಕು. ಅರ್ಜಿಗೆ ಎರಡು ವರ್ಷದ ಗಡುವು. ತಪ್ಪು ಯಾರದೆಂದು ತೋರಿಸುವ ಹೊರೆ ಗಾಯಾಳುವಿನ ಮೇಲಿಲ್ಲ. "ಪರಿಹಾರ ಕೇಳುವುದಿಲ್ಲ" ಎಂದು ಬರೆಸಿಕೊಂಡ ಮುಚ್ಚಳಿಕೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ತಕರಾರು ಬರುವುದು ಬೇರೆ ಕಡೆಯಿಂದ. "ನಿಮಗೆ ಕೊಡುವುದು ಗೌರವಧನ, ಸಂಬಳವಲ್ಲ, ನೀವು ನೌಕರರೇ ಅಲ್ಲ" ಎನ್ನುತ್ತದೆ ಇಲಾಖೆ. ಪರಿಹಾರ ಕಾನೂನಿನ ನೌಕರರ ಪಟ್ಟಿಯಲ್ಲಿ ಹೋಟೆಲ್ ಅಡುಗೆಯವರ ಹೆಸರಿದೆ, ಶಾಲೆಯ ಅಡುಗೆಯವರ ಹೆಸರಿಲ್ಲ; ಹಾಗಾಗಿ ಈ ವಾದವನ್ನು ಹಗುರವಾಗಿ ಕಾಣಬೇಡಿ. ಆದರೆ ಅಂಗನವಾಡಿ ಕಾರ್ಯಕರ್ತೆಯರ ಗ್ರಾಚ್ಯುಟಿ ಪ್ರಕರಣದಲ್ಲಿ, 2022ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಗೌರವಧನವನ್ನು ವೇತನವೆಂದೇ ಪರಿಗಣಿಸಿತು. ಆ ತೀರ್ಪು ಗ್ರಾಚ್ಯುಟಿಗೆ ಸಂಬಂಧಿಸಿದ್ದಾದರೂ ವಾದಿಸಲು ಒಳ್ಳೆಯ ಆಧಾರ. ದಿನಾಲೂ ಹಾಜರಿ ಹಾಕಿಸಿಕೊಂಡು, ಸೌಟು ಹಿಡಿಸಿ, ಸುಟ್ಟ ದಿನ ಮಾತ್ರ "ಸ್ವಯಂಸೇವಕಿ" ಎನ್ನುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು.

ಕೆಲಸದಲ್ಲಿ ಗಾಯವಾದದ್ದು ಕಾಯಂ ಶಿಕ್ಷಕರಿಗಾದರೆ ದಾರಿ ಬೇರೆ. ಅವರಿಗೆ ವೈದ್ಯಕೀಯ ವೆಚ್ಚ ಮರುಪಾವತಿಯೂ ಸೇವಾ ನಿಯಮಗಳ ವಿಶೇಷ ಅಶಕ್ತತಾ ರಜೆಯೂ ಇವೆ. ಹಲವರಿಗೆ ಗೊತ್ತಿಲ್ಲದ್ದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20(4)ನೇ ಕಲಮು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅನುದಾನಿತ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಹೀಗಾಗಿ "ಸ್ವಯಂ ನಿವೃತ್ತಿ ತಗೊಂಡುಬಿಡಿ" ಎಂಬ ಸಲಹೆ ಬಂದರೆ ಸಹಿ ಹಾಕುವ ಮುನ್ನ ವಕೀಲರನ್ನು ಕಾಣಿ.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.