ಕೆಸರುಗದ್ದೆಗೆ ಹಾಕಿದ ಸಾರಜನಕ ಎಲ್ಲಿ ಹೋಗುತ್ತದೆ?

ಮೂಡಿಗೆರೆ, ಕಳಸದ ಕಡೆ ಗುಡ್ಡದ ಇಳಿಜಾರಿನಲ್ಲಿ ಕಾಫಿ, ಅದರ ಬುಡದ ಕಣಿವೆಯಲ್ಲಿ ಭತ್ತ. ಎರಡಕ್ಕೂ ಯಜಮಾನರು ಒಬ್ಬರೇ, ಗೊಬ್ಬರದ ಕೋಣೆಯೂ ಒಂದೇ. ತೋಟಕ್ಕೆ ಹಾಕಿ ಮಿಕ್ಕ ಚೀಲವನ್ನು ಗದ್ದೆಗೆ ಎರಚಿದರಾಯಿತು ಎನಿಸುವುದು ಸಹಜ. ಆದರೆ ನೀರು ನಿಂತ ಮಣ್ಣಿನಲ್ಲಿ ಸಾರಜನಕದ ನಡತೆಯೇ ಬೇರೆ.

45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46ರಂತೆ ಸುಮಾರು 21 ಕಿಲೋ ಸಾರಜನಕವಿದೆ. ನಿಂತ ನೀರಿಗೆ ಎರಚಿದಾಗ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಇದರ ಮೂರರಲ್ಲೊಂದು ಪಾಲು, ಅಂದರೆ ಏಳು ಕಿಲೋದಷ್ಟು. ಉಳಿದುದರಲ್ಲಿ ಸ್ವಲ್ಪ ಮಣ್ಣಿನಲ್ಲಿ ನಿಲ್ಲುತ್ತದೆ, ಮಿಕ್ಕಿದ್ದು ನೀರು, ಗಾಳಿಗಳ ಪಾಲು.

ಇದರ ಕಾರಣವನ್ನು ನಿಮ್ಮ ಗದ್ದೆಯಲ್ಲೇ ನೋಡಬಹುದು. ನಾಟಿಯಾಗಿ ಕೆಲವು ವಾರ ನೀರು ನಿಂತ ಮೇಲೆ ಒಂದು ಹೆಂಟೆ ಕೆಸರನ್ನು ಮೆಲ್ಲನೆ ಎತ್ತಿ ನೋಡಿ. ಮೇಲೆ ಕಂದುಬಣ್ಣದ ತೆಳುಪದರ, ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು. ಅದರ ಕೆಳಗೆಲ್ಲ ಬೂದು-ನೀಲಿ ಕೆಸರು. ನೀರಿನ ಮೂಲಕ ಇಳಿಯುವ ಆಮ್ಲಜನಕ ಕಂದುಪದರವನ್ನು ದಾಟಿ ಹೋಗಲಾರದು. ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಅದು ಕಂದುಪದರದಲ್ಲೇ ಉಳಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕದ ನೆರವಿನಿಂದ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದು, ನೀರಿನೊಡನೆ ಕೆಳಕ್ಕೆ ಜಾರುತ್ತದೆ. ಬೂದುಕೆಸರಿನಲ್ಲಿ ಕಾದಿರುವ ಬೇರೆ ಜೀವಿಗಳು ಉಸಿರಾಟಕ್ಕೆ ಅದರಲ್ಲಿನ ಆಮ್ಲಜನಕವನ್ನೇ ಕಿತ್ತುಕೊಂಡು ಸಾರಜನಕವನ್ನು ಅನಿಲವಾಗಿ ಹೊರಬಿಡುತ್ತವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಣ ಹೋದದ್ದು ಗೊತ್ತಾಗುವುದೇ ಇಲ್ಲ! ಜಪಾನಿನ ವಿಜ್ಞಾನಿ ಶಿಯೋಯಿರಿ ಈ ಎರಡು ಪದರಗಳ ಕೆಲಸವನ್ನು 1940ರ ಸುಮಾರಿಗೇ ವಿವರಿಸಿದ್ದರು.

ಅಮೋನಿಯಂ ನೇರವಾಗಿ ಬೂದುಕೆಸರನ್ನು ಸೇರಿದರೆ ಈ ನಷ್ಟ ಬಹಳ ಕಡಿಮೆ. ಅಲ್ಲಿ ಅದು ಜೇಡಿಯ ಕಣಗಳಿಗೆ ಅಂಟಿಕೊಂಡು ಬೇರಿಗಾಗಿ ಕಾಯುತ್ತದೆ. ಆದ್ದರಿಂದ ಮೊದಲ ಕಂತನ್ನು ಕೊನೆಯ ಉಳುಮೆಯಲ್ಲಿ, ನೀರು ಬಸಿದ ಕೆಸರಿಗೆ ಹಾಕಿ ಹಲಗೆ ಹೊಡೆದು ಬೆರೆಸಿರಿ. ಉಳಿದುದನ್ನು ತೆಂಡೆ ಒಡೆಯುವಾಗ ಒಮ್ಮೆ, ಹೊಡೆ ಕಟ್ಟುವ ಮುನ್ನ ಇನ್ನೊಮ್ಮೆ ಕೊಡಿ. ಪ್ರತಿ ಸಲವೂ ನೀರು ತಗ್ಗಿಸಿ ಎರಚಿ, ಕಳೆ ತೆಗೆಯುವಾಗ ಕೆಸರಿಗೆ ತುಳಿದು, ಒಂದೆರಡು ದಿನದ ಮೇಲೆ ನೀರು ಕಟ್ಟಿರಿ. ಗದ್ದೆ ಬಿರುಕು ಬಿಡುವಷ್ಟು ಒಣಗಲು ಬಿಡಬಾರದು. ಒಣಗಿದಾಗ ನೈಟ್ರೇಟ್ ಕೂಡುತ್ತದೆ, ಮರಳಿ ನೀರು ನಿಂತಾಗ ಅದು ಹಾರಿಹೋಗುತ್ತದೆ.

ತೋಟದಲ್ಲಿ ಮಿಕ್ಕ ಚೀಲ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಆಗಿದ್ದರೆ ಗದ್ದೆಗೆ ತರಲೇಬೇಡಿ. ಅದರ ಅರ್ಧ ಸಾರಜನಕ ಮೊದಲೇ ನೈಟ್ರೇಟ್ ರೂಪದಲ್ಲಿದೆ. ಯೂರಿಯಾ ಅಥವಾ ಅಮೋನಿಯಂ ಸಲ್ಫೇಟ್ ಗದ್ದೆಗೆ ಒಳ್ಳೆಯದು. ನಮ್ಮ ದೇಶದಲ್ಲಿ ಮಾರುವ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪನವಿರುತ್ತದೆ. ಅದು ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ತಡೆದುಬಿಡುವುದಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಕಳ್ಳದಾರಿಯಿದೆ: ಅಂಚಿನ ಕಂಡಿ. ಪುಷ್ಯ, ಆಶ್ಲೇಷ ಮಳೆಗಳಲ್ಲಿ ನೀರು ಗದ್ದೆಯಿಂದ ಗದ್ದೆಗೆ ಧುಮುಕುತ್ತಿರುವಾಗ ಎರಚಿದ ಯೂರಿಯಾ ಕೆಳಗಿನವರ ಗದ್ದೆಯನ್ನೋ ಹಳ್ಳವನ್ನೋ ಸೇರುತ್ತದೆ. ಗುಡ್ಡದ ನೀರನ್ನು ಬದಿಗಾಲುವೆಗೆ ತಿರುಗಿಸಿ, ಕಂಡಿ ಮುಚ್ಚಿ, ಮಳೆ ಬಿಡುವು ಕೊಟ್ಟ ದಿನ ನೋಡಿ ಹಾಕಿರಿ. ಎರಡು ದಿನ ತಡವಾದರೆ ಪೈರು ಸಾಯುವುದಿಲ್ಲ.

ಪೈರು ಹಳದಿಯಾಯಿತೆಂದು ಯೂರಿಯಾ ಹಾಕುವ ಮೊದಲು ಜವುಳು ಗದ್ದೆಯವರು ಸ್ವಲ್ಪ ತಾಳಬೇಕು. ಹಳೆಯ ಎಲೆಗಳ ತುದಿಯಿಂದ ಕಂದು ಚುಕ್ಕೆಗಳೆದ್ದು, ನೀರಿನ ಮೇಲೆ ತುಕ್ಕಿನಂಥ ಕೆನೆ ಕಂಡರೆ ಅದು ಕಬ್ಬಿಣದ ನಂಜಾಗಿರಬಹುದು. ಅಲ್ಲಿ ಬೇಕಾದದ್ದು ಬಸಿಗಾಲುವೆ. ಮೋಡ ಮುಸುಕಿದ ದಿನಗಳಲ್ಲಿ ಹೆಚ್ಚಿನ ಸಾರಜನಕ ಬೆಂಕಿರೋಗಕ್ಕೂ ದಾರಿ ಮಾಡಿಕೊಡುತ್ತದೆ.

ಸೊಪ್ಪಿನ ವಿಷಯ ಒಂದು ಮಾತು. ಗ್ಲಿರಿಸಿಡಿಯಾದಂಥ ಎಳೆಯ ಹಸಿರು ಸೊಪ್ಪು ಕೆಸರಿನಲ್ಲಿ ಬೇಗ ಕೊಳೆತು ಸಾರಜನಕ ಕೊಡುತ್ತದೆ. ಒಣ ದರಗು ಹಾಗಲ್ಲ, ಕೊಳೆಯುವಾಗ ಮಣ್ಣಿನಲ್ಲಿರುವ ಸಾರಜನಕವನ್ನೇ ತಾನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕೊಟ್ಟಿಗೆಗೆ ಹಾಸಿ, ಗುಂಡಿಯಲ್ಲಿ ಚೆನ್ನಾಗಿ ಕಳಿಸಿ, ಮರುವರ್ಷ ಗದ್ದೆಗೆ ಹಾಕಿರಿ.