ಇಂದಿನ ಚಿಂತನೆ: ಸಮ್ಮಾ ವಾಯಾಮೋ – ಮರಳಿಗೆ ಧುಮುಕಿದ ಹುಡುಗ



ಅಷ್ಟಾಂಗ ಮಾರ್ಗದಲ್ಲಿ ಇಂದು ನಮ್ಮ ಓದಿಗೆ ಬಂದಿರುವುದು *ಸಮ್ಮಾ ವಾಯಾಮೋ*, ಅಂದರೆ ಸರಿಯಾದ ಪ್ರಯತ್ನ. ವ್ಯಾಯಾಮ ಎಂದ ಕೂಡಲೇ ನಮಗೆ ದಂಡ, ಬಸ್ಕಿ, ಬೆಳಗಿನ ಓಟ ನೆನಪಾಗುತ್ತದೆ. ಪಾಲಿಯ ವಾಯಾಮವೂ ಇದೇ ಪದ. ಕನ್ನಡದಲ್ಲಿ ಅದು ಮೈಗೆ ಮಾತ್ರ ಉಳಿಯಿತು, ಬುದ್ಧರು ಮನಸ್ಸಿಗೂ ಹೇಳಿದರು. ಎರಡು ಅರ್ಥವೂ ಕೂಡುವ ಒಬ್ಬ ಮನುಷ್ಯನ ಬದುಕನ್ನು ಇವತ್ತು ನೋಡೋಣ. ಸ್ವಲ್ಪ ಉದ್ದವಾಗಿದೆ. ಮಾರಿಕುಪ್ಪಂ ಟ್ರೈನ್ ಹತ್ತಿದವರು ಬಂಗಾರಪೇಟೆ ಬರುವಷ್ಟರಲ್ಲಿ ಓದಿ ಮುಗಿಸಬಹುದು.

ಅವರ ಹೆಸರು ಸ್ಯಾಮಿ ಲೀ. ಕೊರಿಯಾದಿಂದ ಅಮೆರಿಕಕ್ಕೆ ಬಂದ ತಂದೆತಾಯಿಗೆ 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಹನ್ನೆರಡು ವರ್ಷ. ನಾನೂ ಒಂದು ದಿನ ಒಲಿಂಪಿಕ್ ಚಾಂಪಿಯನ್ ಆಗುತ್ತೇನೆ ಎಂದು ಹುಡುಗ ಆಗಲೇ ತೀರ್ಮಾನ ಮಾಡಿಕೊಂಡ. ನೀರಿಗೆ ಹಾರುವಾಗ ಲಾಗ ಹಾಕುವುದು ಅವನಿಗೆ ಸುಲಭವಾಗಿ ಬರುತ್ತಿತ್ತು. ಹಿಡಿದದ್ದು ಡೈವಿಂಗ್.

ಡೈವಿಂಗ್ ಎಂದರೆ ಬಾವಿಗೆ ಧುಮುಕಿ ನೀರು ಎರಚಾಡುವ ಆಟವಲ್ಲ. ಹತ್ತು ಮೀಟರ್ ಎತ್ತರದ ವೇದಿಕೆ, ಹೆಚ್ಚುಕಡಿಮೆ ಮೂರಂತಸ್ತಿನ ಮನೆಯಷ್ಟು. ಅಲ್ಲಿಂದ ನೀರು ಮುಟ್ಟಲು ಸಿಗುವುದು ಒಂದೂವರೆ ಸೆಕೆಂಡಿನ ಆಸುಪಾಸು. ನೀರು ಸೇರುವಾಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಅಷ್ಟರಲ್ಲಿ ಮೈಯನ್ನು ಮಡಚಿ, ಎರಡು ಮೂರು ಲಾಗ ಸುತ್ತಿ, ಮತ್ತೆ ಬಿಚ್ಚಿ, ದಾರದಂತೆ ನೆಟ್ಟಗೆ ನೀರಿಗಿಳಿಯಬೇಕು. ನೀರು ಚಿಮ್ಮಿದಷ್ಟೂ ಅಂಕ ಕಡಿಮೆ. ಚಾಂಪಿಯನ್ ರೀಫ್ಸ್‌ನ ನಮಗೆ ಇಳಿಯುವುದು ಹೊಸದಲ್ಲ, ನಮ್ಮ ಹಿರಿಯರು ಕೇಜಿನಲ್ಲಿ ನಿಂತು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿಬರುತ್ತಿದ್ದರು. ಆದರೆ ಡೈವರ್ ತಾನೇ ಕೇಜು, ತಾನೇ ಹಗ್ಗ. ಒಂದೂವರೆ ಸೆಕೆಂಡಿನಲ್ಲಿ ಯೋಚಿಸಲು ಸಮಯವಿಲ್ಲ. ಸಾವಿರಾರು ಸಲ ಮಾಡಿದ್ದನ್ನು ಮೈ ತಾನಾಗಿಯೇ ನೆನಪಿಸಿಕೊಳ್ಳಬೇಕು. ಅಂದರೆ ದಿನಾ ನೀರು ಬೇಕು.

ಸ್ಯಾಮಿಗೆ ಅದೇ ಇರಲಿಲ್ಲ. ಪಸಾಡೆನಾ ನಗರದ ಸಾರ್ವಜನಿಕ ಈಜುಕೊಳದಲ್ಲಿ ಬಿಳಿಯರಲ್ಲದವರಿಗೆ ವಾರಕ್ಕೆ ಒಂದೇ ದಿನ ಪ್ರವೇಶ. ಆ ದಿನ ಕಳೆದ ಮೇಲೆ ಕೊಳದ ನೀರನ್ನೆಲ್ಲ ಹೊರಗೆ ಬಿಟ್ಟು ಹೊಸ ನೀರು ತುಂಬಿಸುತ್ತಿದ್ದರು.

ಈ ಸಾಲನ್ನು ಓದಿದಾಗ ನಮಗೆ ಮಹಾಡ್ ನೆನಪಾಗದೆ ಇರದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಳ, ಹಾಲು, ಮೊಸರು ತುಂಬಿದ 108 ಗಡಿಗೆಗಳನ್ನು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅಲ್ಲಿ ನೀರನ್ನೇ ಬದಲಾಯಿಸಿದರು, ಇಲ್ಲಿ ನೀರಿಗೆ ಸಗಣಿ ಹಾಕಿದರು. ಯಾವುದು ಕೊಳಕು ಎಂದು ಮಕ್ಕಳನ್ನು ಕೇಳಿದರೂ ಹೇಳುತ್ತವೆ.

ಉಳಿದ ಆರು ದಿನ ಸ್ಯಾಮಿ ಏನು ಮಾಡಬೇಕು? ಅವರ ಕೋಚ್ ಜಿಮ್ ರಯಾನ್ ತಮ್ಮ ಹಿತ್ತಲಿನಲ್ಲಿ ಗುಂಡಿ ತೋಡಿ ಮರಳು ತುಂಬಿಸಿದರು. ಹುಡುಗ ಅದಕ್ಕೆ ಹಾರಿ ಅಭ್ಯಾಸ ಮಾಡಿದ. ಮರಳಿಗೆ ತಲೆ ಕೆಳಗಾಗಿ ಬೀಳುವಂತಿಲ್ಲ. ಜಿಗಿಯುವುದು, ಗಾಳಿಯಲ್ಲಿ ಸುತ್ತುವುದು, ಕಾಲ ಮೇಲೆ ಇಳಿಯುವುದು, ಇಷ್ಟೇ ಸಾಧ್ಯ. ನೀರಿಗೆ ಸೇರುವ ಪಾಠಕ್ಕೆ ವಾರದ ಆ ಒಂದು ದಿನ ಕಾಯಬೇಕು.

ತಂದೆಗೆ ಮಗ ಡಾಕ್ಟರಾಗಬೇಕೆಂಬ ಆಸೆ. ಮಗ ಎರಡನ್ನೂ ಬಿಡಲಿಲ್ಲ. 1942ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದರು. ಆದರೆ ಯುದ್ಧದಿಂದ 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಕ್ರೀಡಾಪಟುವಿನ ಒಳ್ಳೆಯ ವಯಸ್ಸು ಹಾಗೇ ಹೋಯಿತು. 1947ರಲ್ಲಿ ವೈದ್ಯಕೀಯ ಪದವಿ ಮುಗಿಸಿದರು. 1948ರಲ್ಲಿ ಲಂಡನ್ನಿನಲ್ಲಿ, 28ನೇ ವಯಸ್ಸಿನಲ್ಲಿ, ಹತ್ತು ಮೀಟರ್ ವೇದಿಕೆಯಿಂದ ಚಿನ್ನ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ, ಅದೂ ತಮ್ಮ 32ನೇ ಹುಟ್ಟುಹಬ್ಬದ ದಿನ. ಐದಡಿಗಿಂತ ಸ್ವಲ್ಪವೇ ಎತ್ತರದ ಆಳು. ಲಂಡನ್ನಿನಲ್ಲಿ ಮಹಿಳೆಯರ ಎರಡೂ ಚಿನ್ನ ಗೆದ್ದವರು ವಿಕ್ಟೋರಿಯಾ ಡ್ರೇವ್ಸ್. ತಂದೆ ಫಿಲಿಪೈನ್ಸ್‌ನವರು. ಈಜು ಕ್ಲಬ್ಬಿಗೆ ಸೇರಬೇಕಾದರೆ ತಂದೆಯ ಹೆಸರು ಬಿಟ್ಟು ಇಂಗ್ಲಿಷ್ ತಾಯಿಯ ಮನೆಹೆಸರು ಇಟ್ಟುಕೊಳ್ಳಬೇಕಾಯಿತು. ಊರು ಬಿಟ್ಟು ಹೋಗಿ ಹೆಸರಿನ ಅರ್ಧ ನುಂಗಿಕೊಂಡವರು ನಮ್ಮಲ್ಲೂ ಇದ್ದಾರೆ, ಹೆಚ್ಚು ಹೇಳುವುದು ಬೇಡ.

ಇಲ್ಲಿಗೆ ನಿಲ್ಲಿಸಿದರೆ ಇದು ಸ್ಟೇಟಸ್‌ಗೆ ಹಾಕುವ ಸ್ಫೂರ್ತಿ ಕಥೆ. 'ಸೌಲಭ್ಯ ಇಲ್ಲದಿದ್ದರೂ ಛಲ ಇದ್ದರೆ ಸಾಕು' ಎಂದು ಕೆಳಗೆ ಬರೆದು ಕಳಿಸಬಹುದು. ಇಪ್ಪತ್ತು ವರ್ಷ ಪಾಠ ಮಾಡಿರುವ ನನಗೆ ಈ ಮಾತು ಕಂಡರೆ ಅನುಮಾನ. ಲ್ಯಾಬ್ ಇಲ್ಲದ ಶಾಲೆಯ ಮಕ್ಕಳಿಗೆ, ಹಾಸ್ಟೆಲ್ ಸಿಗದ ಹುಡುಗಿಗೆ ಇದೇ ಮಾತನ್ನು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮರಳಿನಲ್ಲಿ ಹಾರಿ ಸ್ಯಾಮಿಯ ಕಾಲು ಗಟ್ಟಿಯಾಗಿರಬಹುದು. ಅದರ ಶ್ರೇಯಸ್ಸು ಸ್ಯಾಮಿಗೂ ಗುಂಡಿ ತೋಡಿದ ಕೋಚಿಗೂ ಸೇರಬೇಕು, ಕೊಳದ ಬಾಗಿಲು ಹಾಕಿದವರಿಗಲ್ಲ.

ಪದಕ ಎಲ್ಲ ಬಾಗಿಲನ್ನೂ ತೆರೆಯಿತೆ? ಇಲ್ಲ. ಎರಡು ಚಿನ್ನ ಗೆದ್ದು, ಸೈನ್ಯದಲ್ಲಿ ಡಾಕ್ಟರಾಗಿ ಕೊರಿಯಾದಲ್ಲಿ ಕೆಲಸ ಮಾಡಿ ಬಂದ ಮೇಜರ್ ಲೀ 1950ರ ದಶಕದಲ್ಲಿ ಮನೆ ಕೊಳ್ಳಲು ಹೋದಾಗ, ಬಿಳಿಯರಲ್ಲದವರಿಗೆ ಮಾರುವುದಿಲ್ಲ ಎಂದರು. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ತಂಗಲು ಜಾಗ ಸಿಗದ ಹಾಗೆ. ಪಸಾಡೆನಾದ ಕೊಳವೂ ಚಿನ್ನದ ಪದಕದಿಂದ ತೆರೆಯಲಿಲ್ಲ. ಅಲ್ಲಿನ ಕಪ್ಪು ಜನರು ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಹೋರಾಡಿ ತೆರೆಸಿದರು. ಚವದಾರ್ ಕೆರೆಯ ಹಕ್ಕೂ ಹಾಗೆಯೇ, ಹತ್ತು ವರ್ಷ ಮೊಕದ್ದಮೆ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು.

ಈಗ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ ಬರೋಣ. ಸಮ್ಮಾ ವಾಯಾಮೋ ಎಂಬುದಕ್ಕೆ ಬಾಬಾಸಾಹೇಬರು ಕೊಡುವ ವಿವರಣೆಯಲ್ಲಿ ಸೆರೆಮನೆಯೂ ಬಾಗಿಲೂ ಬರುತ್ತವೆ. ಅವಿಜ್ಜೆಯನ್ನು ಕಳೆಯಲು, ಈ ದುಃಖದ ಸೆರೆಮನೆಯಿಂದ ಹೊರಗೆ ಹೋಗುವ ಬಾಗಿಲನ್ನು ತಲುಪಿ ಅದನ್ನು ತೆರೆಯಲು ಮಾಡುವ ಯತ್ನ ಅದು ಎನ್ನುತ್ತಾರೆ. ಗಮನಿಸಿ: ಸೆರೆಮನೆಗೆ ಒಗ್ಗಿಕೊಳ್ಳುವ ಯತ್ನವಲ್ಲ. ಹಿಂದಿರುಗುವ ಯೋಚನೆಯಿಲ್ಲದೆ ಹಿಡಿದದ್ದನ್ನು ಮಾಡುವುದು ವಿರಿಯ, ಅದು ಪಾರಮಿಗಳಲ್ಲಿ ಒಂದು. ಮರಳಿನ ಗುಂಡಿಯಲ್ಲಿ ಕಂಡದ್ದು ವಿರಿಯ. ಕೋರ್ಟಿನ ಕಟ್ಟೆ ಹತ್ತಿದವರದ್ದೂ ವಿರಿಯವೇ. ಒಂದನ್ನು ಹೊಗಳಿ ಇನ್ನೊಂದನ್ನು ಮರೆಸುವ ಕಥೆಗಳಿಂದ ನಾವು ದೂರ ಇರಬೇಕು.

ಮುಂದೆ ಲೀ ಕಿವಿ ಮೂಗು ಗಂಟಲಿನ ಡಾಕ್ಟರಾಗಿ ಕೆಲಸ ಮಾಡುತ್ತಲೇ ಮಕ್ಕಳಿಗೆ ಡೈವಿಂಗ್ ಕಲಿಸಿದರು. ಅವರಲ್ಲಿ ಒಬ್ಬ ಗ್ರೆಗ್ ಲೂಗಾನಿಸ್. ಸಮೋವಾ ಮೂಲದ ಹುಡುಗ, ದತ್ತು ಮಗ, ಮೈಬಣ್ಣಕ್ಕೂ ಮಾತಿನ ತೊದಲಿಗೂ ಶಾಲೆಯಲ್ಲಿ ಅಣಕ ಅನುಭವಿಸಿದವನು. ಲೀ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ತಯಾರು ಮಾಡಿದರು. 1976ರಲ್ಲಿ, 16ನೇ ವಯಸ್ಸಿಗೆ ಬೆಳ್ಳಿ. ಆಮೇಲೆ ಬೇರೆ ಕೋಚ್ ಕೈಯಲ್ಲಿ 1984 ಮತ್ತು 1988ರಲ್ಲಿ ಸೇರಿ ನಾಲ್ಕು ಚಿನ್ನ. ಲೀ 2016ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಭಾನುವಾರದ ಅಧ್ಯಯನಕ್ಕೆ ಎಲ್ಲರೂ ಒಂದು ಪ್ರಶ್ನೆ ಯೋಚಿಸಿಕೊಂಡು ಬನ್ನಿ: ನಮ್ಮ ಲೈನುಗಳ ಮಕ್ಕಳಿಗೆ ಈಗ ಬೇಕಿರುವ ಮರಳಿನ ಗುಂಡಿ ಯಾವುದು, ತೆರೆಸಬೇಕಿರುವ ಕೊಳ ಯಾವುದು? ಅಕ್ಕಂದಿರು ಮೊದಲು ಮಾತಾಡಲಿ, ಹೋದ ವಾರ ಸಮಯ ಸಾಲಲಿಲ್ಲ.

ಜೈ ಭೀಮ್. ನಮೋ ಬುದ್ಧಾಯ.